ಟೇಬಲ್ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಯಾಕೆ ಕೂರುವುದಿಲ್ಲ?

ಒಂದು ಹಳ್ಳಿಯ ಹಾಲಿನ ಡೈರಿ ಅಂತ ಇಟ್ಟುಕೊಳ್ಳಿ. ಬೆಳಗ್ಗೆ, ಸಂಜೆ ಜನ ಕ್ಯಾನು ಹಿಡಿದು ಬರುತ್ತಾರೆ. ಕಾರ್ಯದರ್ಶಿ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ಕಂಪ್ಯೂಟರಿಗೆ ಹಾಕುತ್ತಾರೆ. ಈ ಲೆಕ್ಕದ ಪ್ರೋಗ್ರಾಂ ಬರೆದವರು ವರ್ಷಕ್ಕೊಂದು ಟೇಬಲ್ ಮಾಡಿದ್ದಾರೆ: ಹಾಲು_2022, ಹಾಲು_2023, ಹಾಲು_2024. ವರ್ಷ ಮುಗಿದರೆ ಹಳೇ ಪುಸ್ತಕ ಕಟ್ಟಿಟ್ಟು ಹೊಸ ಪುಸ್ತಕ ತೆಗೆಯುವ ಲೆಡ್ಜರ್ ಕಾಲದ ಅಭ್ಯಾಸ ಅದು. ತಪ್ಪು ಅಂತ ಮೇಲ್ನೋಟಕ್ಕೆ ಅನಿಸುವುದೂ ಇಲ್ಲ.

57ನೇ ನಂಬರಿನ ಸದಸ್ಯರು ಬಂದು, 2023ರಲ್ಲಿ ಯಾವ ದಿನ ಎಷ್ಟು ಹಾಲು ಹಾಕಿದ್ದೆ ಅಂತ ಕೇಳುತ್ತಾರೆ. ಪರದೆಯ ಮೇಲೆ ವರ್ಷ ಆರಿಸಲು ಒಂದು ಪಟ್ಟಿ ಇದೆ. ಆರಿಸಿದ ವರ್ಷಕ್ಕೆ ತಕ್ಕ ಟೇಬಲ್‌ನಿಂದ ಲೆಕ್ಕ ಬರಬೇಕು. ಈಗ ಕೋಡ್ ಬರೆಯುವವರು ಹೀಗೆ ಯೋಚಿಸುತ್ತಾರೆ: ಸದಸ್ಯರ ನಂಬರನ್ನು ಕ್ವೆರಿಗೆ (ಡೇಟಾಬೇಸಿಗೆ ಕೇಳುವ ಪ್ರಶ್ನೆಗೆ) ನೇರವಾಗಿ ಅಂಟಿಸಬೇಡ, ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಡು, ನಂಬರನ್ನು ಬೇರೆಯಾಗಿ ಕೊಡು ಅಂತ ಎಲ್ಲರೂ ಹೇಳಿಕೊಟ್ಟಿದ್ದಾರೆ, ಟೇಬಲ್ ಹೆಸರಿಗೂ ಅದನ್ನೇ ಇಟ್ಟರಾಯಿತು. (ಇಲ್ಲಿ ಕೋಡನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಕಂಪ್ಯೂಟರಿಗೆ ಕೊಡುವಾಗ ಸೆಲೆಕ್ಟ್, ಫ್ರಮ್ ಮುಂತಾದವನ್ನು ಇಂಗ್ಲಿಷಿನಲ್ಲಿ ಹಾಕಿಕೊಳ್ಳಿ.)

ಸೆಲೆಕ್ಟ್ ತಾರೀಕು, ಲೀಟರ್ ಫ್ರಮ್ ? ವೇರ್ ಸದಸ್ಯ = ?

ರನ್ ಮಾಡಿದರೆ ಎರರ್. ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್ ಆದರೆ ಪ್ರಶ್ನಾರ್ಥಕ ಚಿಹ್ನೆಯ ಹತ್ತಿರ ಸಿಂಟ್ಯಾಕ್ಸ್ ತಪ್ಪಿದೆ ಅನ್ನುತ್ತದೆ. ಪೋಸ್ಟ್‌ಗ್ರೆಸ್ ಕೂಡ ಅದೇ ಜಾಗಕ್ಕೆ ಬೆರಳು ತೋರಿಸುತ್ತದೆ. ಪಿಎಚ್‌ಪಿ ಭಾಷೆಯನ್ನು ಡೇಟಾಬೇಸಿಗೆ ಜೋಡಿಸುವ ಪಿಡಿಒದಲ್ಲಿ ಮೈಎಸ್‌ಕ್ಯೂಎಲ್ ಬಳಸುವವರಿಗೆ ಇನ್ನೂ ಗೊಂದಲ ಜಾಸ್ತಿ. ಅಲ್ಲಿ ಮಾಮೂಲಿ ಸೆಟ್ಟಿಂಗ್‌ನಲ್ಲಿ ಪಿಡಿಒ ತಾನೇ ವ್ಯಾಲ್ಯೂ ತುಂಬಿ ಕ್ವೆರಿ ಕಳಿಸುತ್ತದೆ. ತುಂಬುವಾಗ ಹೆಸರಿನ ಸುತ್ತ ಸಿಂಗಲ್ ಕೋಟ್ ಹಾಕುತ್ತದೆ. ಹಾಗಾಗಿ ಡೇಟಾಬೇಸಿಗೆ ಹೋಗುವುದು ಫ್ರಮ್ 'ಹಾಲು_2023' ಅಂತ. ಸಿಂಗಲ್ ಕೋಟ್ ಒಳಗಿರುವುದು ಬರೀ ಅಕ್ಷರಗಳ ಸಾಲು, ಟೇಬಲ್ ಅಲ್ಲ. ಮತ್ತೆ ಎರರ್.

ಇದು ಯಾವುದೋ ಒಂದು ಡೇಟಾಬೇಸಿನ ಕೊರತೆ ಅಲ್ಲ. ಯಾಕೆ ಹೀಗೆ ಅಂತ ಗೊತ್ತಾದರೆ ಮುಂದಿನದೆಲ್ಲ ಸಲೀಸು. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಮನೆಯಿಂದ ಒಬ್ಬರನ್ನು ಸಂತೆಗೆ ಕಳಿಸುತ್ತೀರಿ. ಈರುಳ್ಳಿ ಎಷ್ಟು ಕೇಜಿ ತರಬೇಕು ಅನ್ನುವುದನ್ನು ಆಮೇಲೆ ಫೋನ್ ಮಾಡಿ ಹೇಳಬಹುದು. ಎರಡು ಅಂದರೂ ಐದು ಅಂದರೂ ಅವರು ಹೋಗುವ ದಾರಿ ಬದಲಾಗುವುದಿಲ್ಲ. ಆದರೆ ಯಾವ ಊರಿನ ಸಂತೆ ಅನ್ನುವುದನ್ನು ಆಮೇಲೆ ಹೇಳ್ತೀನಿ ಅಂದರೆ? ಅವರು ಬಸ್ಸೇ ಹತ್ತುವ ಹಾಗಿಲ್ಲ.

ಡೇಟಾಬೇಸಿನ ಕೆಲಸವೂ ಹೀಗೇ. ಪ್ರಶ್ನಾರ್ಥಕ ಚಿಹ್ನೆ ಇರುವ ಕ್ವೆರಿ ಕೊಟ್ಟಾಗ ಅದು ಮೊದಲು ವಾಕ್ಯ ಓದುತ್ತದೆ. ಆಮೇಲೆ ಆ ಹೆಸರಿನ ಟೇಬಲ್ ಇದೆಯಾ, ಅದರಲ್ಲಿ ತಾರೀಕು, ಲೀಟರ್, ಸದಸ್ಯ ಅನ್ನುವ ಕಾಲಂಗಳಿವೆಯಾ, ಸದಸ್ಯ ಅನ್ನುವುದು ಅಂಕಿಯಾ ಅಕ್ಷರವಾ ಅಂತ ನೋಡುತ್ತದೆ. ಯಾವ ಇಂಡೆಕ್ಸ್ (ಬೇಗ ಹುಡುಕಲು ಮಾಡಿಟ್ಟ ಸೂಚಿ) ಹಿಡಿದು ಹೋದರೆ ಬೇಗ ಸಿಗುತ್ತದೆ ಅಂತ ದಾರಿ ಹುಡುಕುತ್ತದೆ. ಖಾಲಿ ಬಿಟ್ಟ ಜಾಗಕ್ಕೆ ಯಾವ ಜಾತಿಯ ವ್ಯಾಲ್ಯೂ ಬರಬೇಕು ಅನ್ನುವುದು ತಿಳಿಯುವುದೂ ಟೇಬಲ್ ನೋಡಿದ ಮೇಲೆಯೇ. ಟೇಬಲ್ ಹೆಸರೇ ಗೊತ್ತಿಲ್ಲ ಅಂದರೆ ಇದ್ಯಾವುದೂ ಆಗುವುದಿಲ್ಲ. ಹಾಲು_2023ರಲ್ಲಿ ಲೀಟರ್ ಅನ್ನುವ ಕಾಲಂ ಇರಬಹುದು, ಹಾಲು_2022ರಲ್ಲಿ ಅದಕ್ಕೆ ಪ್ರಮಾಣ ಅಂತ ಹೆಸರಿದ್ದಿರಬಹುದು. ಆಗ ಅದೇ ಕ್ವೆರಿಗೆ ಅರ್ಥವೇ ಬೇರೆ. ಅದಕ್ಕೇ ಟೇಬಲ್ ಹೆಸರು, ಕಾಲಂ ಹೆಸರು ಕ್ವೆರಿಯ ಮೈಯ ಭಾಗ. ವ್ಯಾಲ್ಯೂ ಮಾತ್ರ ಆಮೇಲೆ ತುಂಬುವ ವಸ್ತು. ಪ್ರಶ್ನಾರ್ಥಕ ಚಿಹ್ನೆ ಇರುವುದು ವ್ಯಾಲ್ಯೂಗಾಗಿ ಮಾತ್ರ.

ಸರಿ, ಚಿಹ್ನೆ ಕೂರುವುದಿಲ್ಲ. ಆಗ ಎಲ್ಲರೂ ಮಾಡುವುದು ಒಂದೇ: ಪ್ಲಸ್ ಹಾಕಿ ಹೆಸರನ್ನು ಅಂಟಿಸುವುದು.

"ಸೆಲೆಕ್ಟ್ ತಾರೀಕು, ಲೀಟರ್ ಫ್ರಮ್ " + ಟೇಬಲ್ + " ವೇರ್ ಸದಸ್ಯ = ?"

ಕೆಲಸ ನಡೆಯುತ್ತದೆ. ಟೆಸ್ಟ್ ಪಾಸ್ ಆಗುತ್ತದೆ. ಪರದೆಯ ಮೇಲೆ ಇರುವುದು ಮೂರೇ ಆಯ್ಕೆಯ ಪಟ್ಟಿ, ಯಾರು ಏನು ತಾನೇ ಬೇರೆ ಹಾಕಲು ಸಾಧ್ಯ ಅಂತ ಅನಿಸುತ್ತದೆ. ಆದರೆ ಆ ಪಟ್ಟಿ ಇರುವುದು ಬ್ರೌಸರಿನಲ್ಲಿ, ಬ್ರೌಸರ್ ಇರುವುದು ಇನ್ನೊಬ್ಬರ ಕೈಯಲ್ಲಿ. ಅಲ್ಲಿಂದ ಸರ್ವರಿಗೆ ಬರುವ ಸಾಲನ್ನು ಹೇಗೆ ಬೇಕಾದರೂ ತಿದ್ದಿ ಕಳಿಸಬಹುದು. ಟೇಬಲ್ ಅನ್ನುವ ಜಾಗದಲ್ಲಿ ಈ ಸಾಲು ಬಂದರೆ ಏನಾಗುತ್ತದೆ ನೋಡಿ:

(ಸೆಲೆಕ್ಟ್ ಲಾಗಿನ್ ಆ್ಯಸ್ ತಾರೀಕು, ಪಾಸ್‌ವರ್ಡ್ ಆ್ಯಸ್ ಲೀಟರ್, 57 ಆ್ಯಸ್ ಸದಸ್ಯ ಫ್ರಮ್ ಬಳಕೆದಾರರು) ಆ್ಯಸ್ ಟಿ

ಫ್ರಮ್ ಆದ ಮೇಲೆ ಟೇಬಲ್ ಹೆಸರೇ ಇರಬೇಕು ಅಂತಿಲ್ಲ, ಬ್ರಾಕೆಟ್ಟಿನೊಳಗೆ ಇನ್ನೊಂದು ಸೆಲೆಕ್ಟ್ ಇರಬಹುದು. ಹಾಗಾಗಿ ಡೇಟಾಬೇಸಿಗೆ ಇದು ಪೂರ್ತಿ ಸರಿಯಾದ ಕ್ವೆರಿ. ತಾರೀಕು ಇರಬೇಕಾದ ಕಡೆ ಲಾಗಿನ್ ಹೆಸರು, ಲೀಟರ್ ಇರಬೇಕಾದ ಕಡೆ ಪಾಸ್‌ವರ್ಡ್ ಬರುತ್ತದೆ. ಸದಸ್ಯ = 57 ಅನ್ನುವ ಷರತ್ತೂ ಪಾಸ್ ಆಗುತ್ತದೆ, ಯಾಕಂದರೆ ಪ್ರತಿ ಸಾಲಿಗೂ 57 ಅಂತ ಅವರೇ ಹಾಕಿಕೊಟ್ಟಿದ್ದಾರೆ.

ಆ ಸಾಲನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ಒಂದೇ ಒಂದು ಕೋಟ್ ಇಲ್ಲ. ಸೆಮಿಕೋಲನ್ ಇಲ್ಲ. ಕಾಮೆಂಟ್ ಗುರುತಿಲ್ಲ. ಎಸ್‌ಕ್ಯೂಎಲ್ ಇಂಜೆಕ್ಷನ್ (ಹೀಗೆ ಹೊರಗಿನವರು ಕ್ವೆರಿಯೊಳಗೆ ತಮ್ಮ ಕೋಡ್ ತೂರಿಸುವುದು) ಅಂದ ತಕ್ಷಣ ಕೋಟ್ ಎಸ್ಕೇಪ್ ಮಾಡಿದರೆ, ಅಂದರೆ ಅದನ್ನು ಬರೀ ಅಕ್ಷರವಾಗಿಸಿದರೆ ಸಾಕು ಅನ್ನುವವರು ತುಂಬಾ ಜನ. ಇಲ್ಲಿ ಎಸ್ಕೇಪ್ ಮಾಡಲು ಏನೂ ಇಲ್ಲ. ವ್ಯಾಲ್ಯೂ ಇರುವ ಕಡೆ ಕಳ್ಳ ಮೊದಲು ಕೋಟ್ ಎಂಬ ಗೋಡೆ ಹಾರಬೇಕು. ಹೆಸರಿರುವ ಕಡೆ ಗೋಡೆಯೇ ಇಲ್ಲ, ಅವನು ಆಗಲೇ ಅಂಗಳದಲ್ಲಿದ್ದಾನೆ.

ಹಾಗಾದರೆ ಏನು ಮಾಡಬೇಕು? ನನ್ನ ಮಟ್ಟಿಗೆ ಮೊದಲ ಉತ್ತರ ಒಂದೇ: ಹೆಸರು ನಿಮ್ಮ ಕೋಡಿನೊಳಗಿಂದಲೇ ಬರಬೇಕು. ಹೊರಗಿನಿಂದ ಬರುವುದು ಬರೀ ಒಂದು ಸುಳಿವು. ಪೈಥಾನಿನಲ್ಲಾದರೆ ಒಂದು ಡಿಕ್ಷನರಿ (ಕೀಲಿ ಕೊಟ್ಟರೆ ಅದರ ಜೋಡಿ ಕೊಡುವ ಪಟ್ಟಿ) ಸಾಕು:

ಟೇಬಲ್‌ಗಳು = {"2022": "ಹಾಲು_2022", "2023": "ಹಾಲು_2023", "2024": "ಹಾಲು_2024"}

ಬ್ರೌಸರಿನಿಂದ 2023 ಅಂತ ಬಂತಾ, ಡಿಕ್ಷನರಿಯಲ್ಲಿ ಹುಡುಕಿ. ಸಿಕ್ಕರೆ ನೀವೇ ಬರೆದಿಟ್ಟ ಹೆಸರು ಕ್ವೆರಿಗೆ ಹೋಗುತ್ತದೆ. ಸಿಗಲಿಲ್ಲವಾ, ಅಲ್ಲೇ ನಿಲ್ಲಿಸಿ. ಹೊರಗಿನವರು ಟೈಪ್ ಮಾಡಿದ ಒಂದಕ್ಷರವೂ ಕ್ವೆರಿಯೊಳಗೆ ಬರುವುದಿಲ್ಲ. ಬಂದ ಸಾಲು ಚೆನ್ನಾಗಿದೆಯಾ ಅಂತ ಪರೀಕ್ಷಿಸಿ ಅದನ್ನೇ ಬಳಸುವುದು ಬೇರೆ, ಅದನ್ನು ನೋಡಿ ನಮ್ಮದನ್ನು ಬಳಸುವುದು ಬೇರೆ. ಎರಡನೆಯದನ್ನೇ ರೂಢಿ ಮಾಡಿಕೊಳ್ಳಿ ಅಂತ ಕಳಕಳಿಯಿಂದ ಹೇಳುತ್ತೇನೆ. ಪರೀಕ್ಷೆ ಬರೆಯುವಾಗ ನಾವು ಊಹಿಸಿದ ಕಿಡಿಗೇಡಿತನ ಮಾತ್ರ ತಡೆಯುತ್ತೇವೆ, ಊಹಿಸದೇ ಇದ್ದದ್ದು ಒಳಗೆ ಬರುತ್ತದೆ.

ಇದಕ್ಕೆ ನಿಜವಾಗಿ ನಡೆದ ಒಂದು ಪಾಠ ಇದೆ. ಡ್ರೂಪಲ್ ಅಂತ ವೆಬ್‌ಸೈಟ್ ಕಟ್ಟುವ ತಂತ್ರಾಂಶ. ಅದರ 7ನೇ ಆವೃತ್ತಿ ಕ್ವೆರಿಗಳಿಗೆ ಪ್ಲೇಸ್‌ಹೋಲ್ಡರ್ (ನಮ್ಮ ಪ್ರಶ್ನಾರ್ಥಕ ಚಿಹ್ನೆಯಂಥದೇ ಗುರುತು) ಬಳಸುತ್ತಿತ್ತು, ಅಂದರೆ ಸರಿಯಾದ ದಾರಿಯಲ್ಲೇ ಇತ್ತು. ಒಂದು ಪ್ಲೇಸ್‌ಹೋಲ್ಡರಿಗೆ ಒಂದರ ಬದಲು ಪಟ್ಟಿಯನ್ನೇ ಕೊಟ್ಟರೆ ಅದು ನೇಮ್_0, ನೇಮ್_1 ಅಂತ ಪ್ಲೇಸ್‌ಹೋಲ್ಡರುಗಳನ್ನು ತಾನೇ ಹೆಚ್ಚಿಸಿಕೊಳ್ಳುತ್ತಿತ್ತು. ಆ 0, 1 ಎಲ್ಲಿಂದ ಬರುತ್ತಿತ್ತು? ಪಟ್ಟಿಯ ಕೀಲಿಗಳಿಂದ. ಆ ಕೀಲಿಗಳು? ಪಟ್ಟಿ ಲಾಗಿನ್ ಫಾರ್ಮಿನ ಮೂಲಕ ಬಂದರೆ, ನೇರವಾಗಿ ಬ್ರೌಸರಿನಿಂದ. 0 ಇರಬೇಕಾದ ಕಡೆ ಒಂದು ಪೂರ್ತಿ ಎಸ್‌ಕ್ಯೂಎಲ್ ಸಾಲು ಕಳಿಸಿದರೆ ಅದು ಸೀದಾ ಕ್ವೆರಿಯ ಮೈಗೆ ಸೇರಿಕೊಳ್ಳುತ್ತಿತ್ತು. ವ್ಯಾಲ್ಯೂಗಳೆಲ್ಲ ಭದ್ರ, ಹೆಸರಿನ ಬಾಲ ಮಾತ್ರ ಬಯಲು.

ಈ ದೋಷ ಮತ್ತು ಅದರ ಪರಿಹಾರ ಹೊರಬಂದದ್ದು 2014ರ ಅಕ್ಟೋಬರ್ 15ರಂದು. ಭಾರತದಲ್ಲಿ ಆಗ ರಾತ್ರಿ ಸುಮಾರು ಒಂಬತ್ತೂವರೆ. ಎರಡು ವಾರ ಆದ ಮೇಲೆ ಡ್ರೂಪಲ್‌ನ ಭದ್ರತಾ ತಂಡವೇ ಇನ್ನೊಂದು ಎಚ್ಚರಿಕೆ ಕೊಟ್ಟಿತು: ಪ್ರಕಟಣೆ ಬಂದ 7 ಗಂಟೆಯೊಳಗೆ ಸರಿಪಡಿಸದ ಪ್ರತಿ ಡ್ರೂಪಲ್ 7 ಸೈಟೂ ಕೈತಪ್ಪಿದೆ ಅಂತಲೇ ತಿಳಿಯಿರಿ. ನಮ್ಮ ಗಡಿಯಾರದಲ್ಲಿ ಆ ಗಡುವು ಮುಗಿದದ್ದು ಬೆಳಗಿನ ಜಾವ ನಾಲ್ಕೂವರೆಗೆ. ಬೆಳಗ್ಗೆ ಆಫೀಸಿಗೆ ಹೋಗಿ ಸರಿ ಮಾಡೋಣ ಅಂತ ಮಲಗಿದವರಿಗೆ ಆಗಲೇ ತಡವಾಗಿತ್ತು. ಪರಿಹಾರ ಎಷ್ಟಿತ್ತು ಗೊತ್ತಾ? ಮುಖ್ಯವಾಗಿ ಒಂದೇ ಸಾಲು. ಬಂದ ಕೀಲಿಗಳನ್ನು ಬಿಸಾಕಿ, 0, 1, 2 ಅಂತ ತಾನೇ ಎಣಿಸಿಕೊಳ್ಳುವುದು. ನಮ್ಮ ಡಿಕ್ಷನರಿ ಮಾಡುವ ಕೆಲಸವೇ ಅದು.

ಇನ್ನು ಕೆಲವು ಕಡೆ ಹೆಸರುಗಳನ್ನು ಮೊದಲೇ ಬರೆದಿಡಲು ಆಗುವುದಿಲ್ಲ. ಬ್ಯಾಕಪ್ ತೆಗೆಯುವ ಟೂಲ್, ಎಲ್ಲ ಟೇಬಲ್‌ಗಳ ಸಾಲು ಎಣಿಸುವ ಸ್ಕ್ರಿಪ್ಟ್, ಗ್ರಾಹಕರಿಗೊಂದು ಸ್ಕೀಮಾ (ಟೇಬಲ್‌ಗಳ ಗುಂಪು) ಇರುವ ದೊಡ್ಡ ವ್ಯವಸ್ಥೆ. ಅಲ್ಲಿ ಹೆಸರಿನ ಪಟ್ಟಿಯನ್ನು ಡೇಟಾಬೇಸಿನಿಂದಲೇ, ಅಂದರೆ ಇನ್ಫರ್ಮೇಷನ್ ಸ್ಕೀಮಾದಂಥ, ಟೇಬಲ್‌ಗಳ ಹೆಸರಿರುವ ಅದರ ಒಳಪಟ್ಟಿಯಿಂದ ತೆಗೆದುಕೊಳ್ಳಬಹುದು. ಜೊತೆಗೆ ಹೆಸರಿಗೆ ಅದರದೇ ಆದ ಕೋಟ್ ಹಾಕಬೇಕು. ಅದು ಸಿಂಗಲ್ ಕೋಟ್ ಅಲ್ಲ. ಪೋಸ್ಟ್‌ಗ್ರೆಸ್ ಮತ್ತು ಒರಾಕಲ್‌ನಲ್ಲಿ ಡಬಲ್ ಕೋಟ್, ಮೈಎಸ್‌ಕ್ಯೂಎಲ್‌ನಲ್ಲಿ ಬ್ಯಾಕ್‌ಟಿಕ್, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಚೌಕ ಬ್ರಾಕೆಟ್. ಹೆಸರಿನೊಳಗೇ ಆ ಗುರುತು ಬಂದರೆ ಅದನ್ನು ಎರಡು ಸಲ ಬರೆಯಬೇಕು (ಒರಾಕಲ್ ಮಾತ್ರ ಹೆಸರಿನೊಳಗೆ ಡಬಲ್ ಕೋಟನ್ನು ಬಿಡುವುದೇ ಇಲ್ಲ). ಇದನ್ನು ಕೈಯಿಂದ ಮಾಡಲು ಹೋಗಬೇಡಿ. ಪೋಸ್ಟ್‌ಗ್ರೆಸ್‌ನ ಫಾರ್ಮ್ಯಾಟ್ ಫಂಕ್ಷನ್‌ನಲ್ಲಿ ಹೆಸರಿಗೆ ಅಂತಲೇ ಪರ್ಸೆಂಟ್ ಐ ಇದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕೋಟ್‌ನೇಮ್ ಇದೆ. ಪೈಥಾನಿನ ಸೈಕಾಪ್‌ಜಿ2ರಲ್ಲಿ ಐಡೆಂಟಿಫೈಯರ್ ಅನ್ನುವ ಕ್ಲಾಸ್ ಇದೆ. ವರ್ಡ್‌ಪ್ರೆಸ್ ತನ್ನ ಪ್ರಿಪೇರ್ ಫಂಕ್ಷನ್‌ಗೆ ಹೆಸರಿನ ಪ್ಲೇಸ್‌ಹೋಲ್ಡರ್ ಸೇರಿಸಿದ್ದು 2023ರ 6.2ನೇ ಆವೃತ್ತಿಯಲ್ಲಿ. ಜಾವಾದಲ್ಲಿ ಮೈಬ್ಯಾಟಿಸ್ ಬಳಸುವವರು ಮಾತ್ರ ಹುಷಾರಾಗಿರಿ: ಅಲ್ಲಿ ಹ್ಯಾಶ್ ಬ್ರೇಸ್ #{} ಅಂದರೆ ಪ್ಲೇಸ್‌ಹೋಲ್ಡರ್, ಡಾಲರ್ ಬ್ರೇಸ್ ${} ಅಂದರೆ ಸುಮ್ನೆ ಅಂಟಿಸುವುದು. ನೋಡಲು ಒಂದೇ ಅಕ್ಷರದ ವ್ಯತ್ಯಾಸ.

ಹೀಗೆ ಕೋಟ್ ಹಾಕಿದರೆ ಮೇಲಿನ ಬ್ರಾಕೆಟ್ ಸಾಲು ಪೂರ್ತಿಯಾಗಿ ಒಂದು ವಿಚಿತ್ರ ಟೇಬಲ್ ಹೆಸರಾಗಿಬಿಡುತ್ತದೆ. ಅಂಥ ಟೇಬಲ್ ಇಲ್ಲ ಅಂತ ಡೇಟಾಬೇಸ್ ವಾಪಸ್ ಕಳಿಸುತ್ತದೆ. ಒಳ್ಳೆಯದೇ. ಆದರೆ ಕೋಟ್ ತಡೆಯುವುದು ಅಷ್ಟನ್ನು ಮಾತ್ರ. ಯಾರಾದರೂ ಇನ್ನೊಂದು ಸಂಘದ ಟೇಬಲ್‌ನ ನಿಜವಾದ ಹೆಸರನ್ನೇ ಕಳಿಸಿದರೆ ಕೋಟ್ ಅದನ್ನು ಗೌರವದಿಂದ ಒಳಗೆ ಬಿಡುತ್ತದೆ. ಈ ಟೇಬಲ್ ನೋಡುವ ಹಕ್ಕು ಇವರಿಗೆ ಇದೆಯಾ ಅನ್ನುವ ಪ್ರಶ್ನೆ ಬೇರೆಯೇ, ಅದನ್ನು ನೀವೇ ಕೇಳಬೇಕು. ಇನ್ನೊಂದು ಸಣ್ಣ ಎಡವಟ್ಟು: ಸ್ಕೀಮಾ ಹೆಸರು, ಚುಕ್ಕೆ, ಟೇಬಲ್ ಹೆಸರು ಮೂರನ್ನೂ ಒಟ್ಟಿಗೆ ಕೋಟ್ ಮಾಡಿದರೆ ಚುಕ್ಕೆಯೂ ಹೆಸರಿನ ಭಾಗವಾಗಿ ಟೇಬಲ್ ಸಿಗುವುದಿಲ್ಲ. ಎರಡಕ್ಕೂ ಬೇರೆ ಬೇರೆ ಕೋಟ್ ಬೇಕು.

ಇಲ್ಲಿ ಕನ್ನಡಕ್ಕೆ ಸಂಬಂಧಿಸಿದ ಒಂದು ಸಂಗತಿ ಹೇಳಲೇಬೇಕು. ಕೋಡ್ ಹೆಸರುಗಳನ್ನು ಜೋಡಿಸಿ ಟೇಬಲ್ ಮಾಡುವಾಗ ಇದು ನಿಜಕ್ಕೂ ಕಾಡುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ಹೆಸರು ಕನ್ನಡದಲ್ಲಿ ಇಡಬಹುದು, ತೊಂದರೆ ಇಲ್ಲ. ಆದರೆ ಹೆಸರಿನ ಉದ್ದ 63 ಬೈಟ್ ಮೀರುವ ಹಾಗಿಲ್ಲ. 63 ಅಕ್ಷರ ಅಲ್ಲ, ಬೈಟ್. ಅಕ್ಷರಗಳನ್ನು ಬೈಟ್ ಆಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. ಉತ್ಪಾದಕರ ಅನ್ನುವುದು ನಮ್ಮ ಕಣ್ಣಿಗೆ ಐದು ಅಕ್ಷರ. ಕಂಪ್ಯೂಟರಿಗೆ ಒತ್ತು, ದೀರ್ಘ ಎಲ್ಲ ಬಿಡಿಸಿ ಎಂಟು ಚಿಹ್ನೆ, ಅಂದರೆ 24 ಬೈಟ್.

ಈಗ ಈ ಹೆಸರು ನೋಡಿ: ಹಾಲು_ಉತ್ಪಾದಕರ_ಸಹಕಾರ_ಸಂಘ_2023. ಹಾಲು 4 ಚಿಹ್ನೆ, ಉತ್ಪಾದಕರ 8, ಸಹಕಾರ 5, ಸಂಘ 3. ಒಟ್ಟು 20, ಅಂದರೆ 60 ಬೈಟ್. ನಡುವಿನ ಮೂರು ಅಂಡರ್‌ಸ್ಕೋರ್ ಸೇರಿಸಿದರೆ ಸರಿಯಾಗಿ 63. ವರ್ಷ ಬರುವ ಹೊತ್ತಿಗೆ ಜಾಗ ಖಾಲಿ! ಪೋಸ್ಟ್‌ಗ್ರೆಸ್ ಎರರ್ ಕೊಡುವುದಿಲ್ಲ. ಹೆಸರು ಕತ್ತರಿಸುತ್ತಿದ್ದೇನೆ ಅಂತ ಒಂದು ನೋಟಿಸ್ ಹಾಕಿ _2023 ಅನ್ನುವುದನ್ನು ಕಿತ್ತುಬಿಡುತ್ತದೆ. ಮರುವರ್ಷ _2024 ಅಂತ ಟೇಬಲ್ ಮಾಡಲು ಹೋದರೆ ಅದೂ ಕತ್ತರಿಸಿ ಅದೇ ಹೆಸರಾಗುತ್ತದೆ. ಕ್ರಿಯೇಟ್ ಟೇಬಲ್ ಜೊತೆ ಇಫ್ ನಾಟ್ ಎಕ್ಸಿಸ್ಟ್ಸ್ ಅಂತ ಬೇರೆ ಬರೆದಿದ್ದರೆ, ಆಗಲೇ ಇದೆಯಲ್ಲ ಅಂತ ಬಿಟ್ಟು ಮುಂದೆ ಹೋಗುತ್ತದೆ. ಆಮೇಲೆ 2024ರ ಹಾಲೆಲ್ಲ 2023ರ ಲೆಕ್ಕಕ್ಕೆ ಸೇರುತ್ತದೆ. ನೋಟಿಸ್ ಅನ್ನು ಯಾರೂ ಓದದಿದ್ದರೆ, ಎರಡು ವರ್ಷದ ಹಾಲು ಕಲೆತದ್ದು ಬೋನಸ್ ಹಂಚುವ ದಿನದವರೆಗೂ ಗೊತ್ತಾಗುವುದಿಲ್ಲ. ಮೈಎಸ್‌ಕ್ಯೂಎಲ್‌ನ ಮಿತಿ 64, ಅದು ಚಿಹ್ನೆಗಳ ಲೆಕ್ಕ. ಅಲ್ಲಿ ಇದೇ ಹೆಸರು ಆರಾಮಾಗಿ ಹಿಡಿಸುತ್ತದೆ. ಒಂದರಲ್ಲಿ ಟೆಸ್ಟ್ ಮಾಡಿ ಇನ್ನೊಂದರಲ್ಲಿ ಓಡಿಸುವವರು ಇದನ್ನು ನೆನಪಿಡಿ.

ಹೆಸರನ್ನು ರೆಗ್ಯುಲರ್ ಎಕ್ಸ್‌ಪ್ರೆಷನ್‌ನಿಂದ (ಅಕ್ಷರಗಳ ಮಾದರಿಗೆ ಹೋಲಿಸುವ ಸೂತ್ರದಿಂದ) ಪರೀಕ್ಷಿಸುವವರಿಗೂ ಒಂದು ಮಾತು. ಪೈಥಾನಿನ ರೀ ಮಾಡ್ಯೂಲಿನಲ್ಲಿ ಬ್ಯಾಕ್‌ಸ್ಲಾಶ್ ಡಬ್ಲ್ಯೂ ಅಂದರೆ ಅಕ್ಷರ, ಅಂಕಿ, ಅಂಡರ್‌ಸ್ಕೋರ್. ಆದರೆ ಕನ್ನಡದ ಸ್ವರಚಿಹ್ನೆಗಳನ್ನೂ ಅರ್ಧಾಕ್ಷರದ ಗುರುತಾದ ವಿರಾಮವನ್ನೂ ಅದು ಅಕ್ಷರ ಅಂತ ಎಣಿಸುವುದಿಲ್ಲ. ಹಾಗಾಗಿ ಹಾಲು ಅನ್ನುವ ಸರಳ ಪದವೇ ಆ ಪರೀಕ್ಷೆಯಲ್ಲಿ ಫೇಲ್. ಇದನ್ನು ನೋಡಿ ಪರೀಕ್ಷೆಯನ್ನೇ ಸಡಿಲ ಮಾಡುವ ಆಸೆ ಹುಟ್ಟುತ್ತದೆ. ಸಡಿಲ ಮಾಡಬೇಡಿ, ಡಿಕ್ಷನರಿಗೆ ವಾಪಸ್ ಹೋಗಿ.

ಇಷ್ಟೆಲ್ಲ ಹೇಳಿದ ಮೇಲೆ ಮೊದಲ ಪ್ರಶ್ನೆಗೇ ಮರಳಬೇಕು. ಆ ಡೈರಿಗೆ ವರ್ಷಕ್ಕೊಂದು ಟೇಬಲ್ ಬೇಕಿತ್ತಾ? 200 ಸದಸ್ಯರು, ದಿನಕ್ಕೆ ಎರಡು ಹೊತ್ತು, 365 ದಿನ. ವರ್ಷಕ್ಕೆ 1,46,000 ಸಾಲು. ಹತ್ತು ವರ್ಷಕ್ಕೆ 14,60,000. ಸದಸ್ಯ ಮತ್ತು ತಾರೀಕಿನ ಮೇಲೆ ಒಂದು ಇಂಡೆಕ್ಸ್ ಇದ್ದರೆ ಇಷ್ಟು ಸಾಲು ಯಾವ ಡೇಟಾಬೇಸಿಗೂ ಭಾರವಲ್ಲ. ಒಂದೇ ಟೇಬಲ್, ಅದರಲ್ಲಿ ವರ್ಷ ಅನ್ನುವ ಒಂದು ಕಾಲಂ. ಆಗ ಕ್ವೆರಿ ಹೀಗಾಗುತ್ತದೆ:

ಸೆಲೆಕ್ಟ್ ತಾರೀಕು, ಲೀಟರ್ ಫ್ರಮ್ ಹಾಲು ವೇರ್ ವರ್ಷ = ? ಆ್ಯಂಡ್ ಸದಸ್ಯ = ?

ವರ್ಷ ಈಗ ಹೆಸರಲ್ಲ, ವ್ಯಾಲ್ಯೂ. ಪ್ರಶ್ನಾರ್ಥಕ ಚಿಹ್ನೆ ಹಾಯಾಗಿ ಕೂರುತ್ತದೆ. ಮೂರು ವರ್ಷ ಹೋಲಿಸಿ ನೋಡಬೇಕು ಅಂದರೆ ಮೂರು ಟೇಬಲ್ ಯೂನಿಯನ್ ಮಾಡುವ ಕಷ್ಟವೂ ಇಲ್ಲ. ಕೋಡಿನಲ್ಲಿ ಟೇಬಲ್ ಹೆಸರನ್ನು ಮತ್ತೆ ಮತ್ತೆ ಬದಲಿಸಬೇಕಾಗುತ್ತಿದೆ ಅಂದರೆ, ಸಾಮಾನ್ಯವಾಗಿ ಒಂದು ಕಾಲಂನಲ್ಲಿ ಇರಬೇಕಾದ ಮಾಹಿತಿ ಹೆಸರಿನೊಳಗೆ ಹೋಗಿ ಕೂತಿದೆ ಅಂತ ಅರ್ಥ.

ಸಾಲುಗಳು ನಿಜವಾಗಿಯೂ ಕೋಟಿಗಟ್ಟಲೆ ಇದ್ದರೆ ಪಾರ್ಟಿಷನ್ ಇದೆ. ಹೊರಗೆ ಒಂದೇ ಟೇಬಲ್, ಒಳಗೆ ವರ್ಷಕ್ಕೊಂದು ತುಂಡು. ಮೈಎಸ್‌ಕ್ಯೂಎಲ್‌ಗೆ ಇದು 5.1ರಲ್ಲಿ ಬಂತು. ಪೋಸ್ಟ್‌ಗ್ರೆಸ್‌ಗೆ ಈಗಿನ ಸರಳ ರೂಪದಲ್ಲಿ ಬಂದದ್ದು 2017ರ 10ನೇ ಆವೃತ್ತಿಯಲ್ಲಿ. ವರ್ಷ 2023 ಅಂತ ಕೇಳಿದರೆ ಡೇಟಾಬೇಸ್ ಆ ತುಂಡನ್ನು ಮಾತ್ರ ತೆರೆಯುತ್ತದೆ, ಹೆಸರು ಆರಿಸುವ ಕೆಲಸ ಅದರದೇ. ಒಂದು ನಿಯಮ ಮಾತ್ರ ನೆನಪಿರಲಿ: ಇಡೀ ಟೇಬಲ್‌ಗೆ ರಸೀದಿ ನಂಬರು ಯೂನಿಕ್ ಆಗಿರಬೇಕು ಅಂತ ಹಾಕಿದರೆ, ಆ ಯೂನಿಕ್‌ನೊಳಗೆ ವರ್ಷದ ಕಾಲಂ ಕೂಡ ಸೇರಿರಬೇಕು.

ಆಗಲೇ ಓಡುತ್ತಿರುವ ಹಳೆಯ ಕೋಡ್ ಇದೆ, ಟೇಬಲ್ ಬದಲಿಸುವ ಹಾಗಿಲ್ಲ ಅನ್ನುವವರು ಇವತ್ತೇ ಒಂದು ಹುಡುಕಾಟ ಮಾಡಬಹುದು. ಫ್ರಮ್, ಜಾಯಿನ್, ಇನ್‌ಟು, ಅಪ್‌ಡೇಟ್ ಆದ ತಕ್ಷಣ ಕೋಟ್ ಮುಗಿದು ಪ್ಲಸ್ ಅಥವಾ ಬ್ರೇಸ್ ಬರುವ ಸಾಲುಗಳನ್ನು ಹುಡುಕಿ. ಪ್ರತಿಯೊಂದರಲ್ಲೂ ಆ ಹೆಸರು ಹುಟ್ಟಿದ್ದೆಲ್ಲಿ ಅಂತ ಹಿಂದೆ ಹಿಂದೆ ಹೋಗಿ ನೋಡಿ. ಆರ್ಡರ್ ಬೈ ಮರೆಯಬೇಡಿ. ಯಾವ ಕಾಲಂ ಪ್ರಕಾರ ಜೋಡಿಸಬೇಕು ಅಂತ ಬಳಕೆದಾರರು ಒತ್ತುವ ಬಾಣದ ಗುರುತಿದೆಯಲ್ಲ, ಅಲ್ಲಿಯೂ ಕಾಲಂ ಹೆಸರೇ ಬರುವುದು. ಕೆಲವು ಡೇಟಾಬೇಸ್‌ಗಳಲ್ಲಿ ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟರೆ ಎರರ್ ಕೂಡ ಬರುವುದಿಲ್ಲ. ಕಾಲಂ ಹೆಸರನ್ನು ಬರೀ ಅಕ್ಷರಗಳ ಸಾಲು ಅಂತ ತಿಳಿದು, ಎಲ್ಲ ಸಾಲಿಗೂ ಅದೇ ವ್ಯಾಲ್ಯೂ ಅಂತ ಜೋಡಿಸುತ್ತದೆ. ಅಂದರೆ ಜೋಡಿಸುವುದೇ ಇಲ್ಲ. ಬಾಣ ಎಷ್ಟು ಸಲ ಒತ್ತಿದರೂ ಪಟ್ಟಿ ಇದ್ದ ಹಾಗೇ ಇರುತ್ತದೆ. ಅಲ್ಲಿಗೂ ಒಂದು ಡಿಕ್ಷನರಿ ಬರೆಯಿರಿ, ಏರಿಕೆ ಇಳಿಕೆಗೆ ಇನ್ನೊಂದು, ಎರಡೇ ಸಾಲಿನದು.